ಕಿವಿರಿಗೆ ಹತ್ತಿದ ಹುಳ ಎಲ್ಲಿಂದ ಬಂತು?

ಮೀನು ಸಾಕಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೀನಿನ ಕಿವಿರಿನ ಬಗ್ಗೆ. ಬಹುತೇಕ ಎಲ್ಲರೂ ಯಾವ ಔಷಧಿ ಹಾಕಬೇಕೆಂದು ಕೇಳಿದ್ದಾರೆ. ಹುಳ ಯಾವ ದಾರಿಯಿಂದ ಕೆರೆ ಸೇರಿತು ಎಂದು ಗೊತ್ತಾಗದೆ ಔಷಧಿ ಸುರಿದರೆ ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಾಯಿಲೆ. ಅದಕ್ಕೇ ಪ್ರತಿ ಉತ್ತರದಲ್ಲೂ ಬಂದ ದಾರಿಗೆ ಒತ್ತು ಕೊಟ್ಟಿದ್ದೇವೆ.

ಪ್ರಶ್ನೆ: ತೋಟದಲ್ಲಿ ಒಂದು ಎಕರೆ ಕೆರೆ ಇದೆ. ರೋಬಸ್ಟಾ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಚ್ಚಿದ ಮೇಲೆ ನೀರು 10 ಅಡಿಯಿಂದ 4 ಅಡಿಗೆ ಇಳಿಯಿತು. ಆಮೇಲೆ ಕಾಟ್ಲಾ ಮೀನುಗಳು ಹಗಲಿಡೀ ಮೇಲೆ ಬಂದು ಬಾಯಿ ತೆರೆಯುತ್ತಿವೆ. ಕಿವಿರು ಬಿಳಿಚಿಕೊಂಡಿದೆ, ಲೋಳೆ ತುಂಬಿದೆ. ಅಂಗಡಿಯಲ್ಲಿ ಸಿಫಾಕ್ಸ್ ಕೊಟ್ಟರು. ಹಾಕಿದೆ, ಏನೂ ಗುಣವಿಲ್ಲ. ಹೊಸ ಮೀನು ಬಿಟ್ಟಿಲ್ಲ, ಹಾಗಾದರೆ ರೋಗ ಎಲ್ಲಿಂದ ಬಂತು?
ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ನೀವು ಬರೆದಿರುವುದರಲ್ಲಿ ಮುಖ್ಯವಾದ ಮಾತು ‘ಹಗಲಿಡೀ’ ಎಂಬುದು. ಬೆಳಗಿನ ಜಾವ ಮಾತ್ರ ಮೀನು ಮೇಲೆ ಬಂದು, ಬಿಸಿಲೇರಿದ ಮೇಲೆ ಕೆಳಗಿಳಿದರೆ ಅದು ಆಮ್ಲಜನಕದ ಕೊರತೆ. ಮಧ್ಯಾಹ್ನ 2 ಗಂಟೆಗೂ ಬಾಯಿ ತೆರೆದೇ ಇದ್ದರೆ, ನೀರು ಬೀಳುವ ಕಡೆ ಗುಂಪುಗೂಡಿದರೆ, ನೀರಿನಲ್ಲಿ ಗಾಳಿ ಇದ್ದರೂ ಅದನ್ನು ಎಳೆದುಕೊಳ್ಳಲು ಕಿವಿರಿಗೆ ಆಗುತ್ತಿಲ್ಲ ಎಂದರ್ಥ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೀರೇನಾದರೂ ಕೆರೆಗೆ ಸೋರಿದೆಯೇ ಎಂದೂ ನೋಡಿಕೊಳ್ಳಿ. ಆದರೆ ಆಗ ನೀರು ಕಪ್ಪಾಗಿ ವಾಸನೆ ಹೊಡೆಯುತ್ತದೆ, ಕಾಟ್ಲಾ ಒಂದೇ ಅಲ್ಲ, ಎಲ್ಲ ಜಾತಿಯ ಮೀನೂ ಒಟ್ಟಿಗೇ ಒದ್ದಾಡುತ್ತವೆ.

ಸಿಫಾಕ್ಸ್ ಮಾಡಿರುವುದು ಮೈ ಮೇಲಿನ ಹುಣ್ಣು ರೋಗಕ್ಕೆ. ಕಿವಿರಿನ ಹುಳಕ್ಕೆ ಅದರಿಂದ ಪ್ರಯೋಜನವಿಲ್ಲ.

ಮೊದಲು ಹುಳವನ್ನು ಕಣ್ಣಾರೆ ನೋಡಿ. ಒದ್ದಾಡುತ್ತಿರುವ ಒಂದು ಮೀನನ್ನು ಹಿಡಿದು ತಲೆಗೆ ಹೊಡೆದು ಕೊಲ್ಲಿ. ಕತ್ತರಿಯಿಂದ ಕಿವಿರಿನ ಮುಚ್ಚಳ ತೆಗೆಯಿರಿ. ಒಳಗೆ ಬಿಲ್ಲಿನಂತೆ ಬಾಗಿರುವ ಎಲುಬಿನ ಮೇಲೆ ಕೆಂಪು ಎಳೆಗಳು ಸಾಲಾಗಿ ಇರುತ್ತವೆ. ನಾಲ್ಕೈದು ಎಳೆಗಳ ತುದಿಯನ್ನು ಮಾತ್ರ ಕತ್ತರಿಸಿ, ಗಾಜಿನ ಸ್ಲೈಡ್ ಮೇಲೆ ಕೆರೆಯದೇ ನೀರಿನ ಒಂದು ಹನಿಯಲ್ಲಿಟ್ಟು ಮೇಲೆ ತೆಳುಗಾಜು ಮುಚ್ಚಿ. ಶಾಲೆಯ ಸೂಕ್ಷ್ಮದರ್ಶಕ ಸಾಕು, 100 ಪಟ್ಟು ಹಿಗ್ಗಿಸಿದರೆ ಕಾಣುತ್ತದೆ. ಒಂದು ತುದಿಯಿಂದ ಅಂಟಿಕೊಂಡು ಇನ್ನೊಂದು ತುದಿಯನ್ನು ಚಾಚುತ್ತಾ ಕುಗ್ಗಿಸುತ್ತಾ ಇರುವ, ತಲೆಯ ಬಳಿ 4 ಕಪ್ಪು ಚುಕ್ಕೆ ಇರುವ ಹುಳ ಕಂಡರೆ ಅದು ಡ್ಯಾಕ್ಟಿಲೋಗೈರಸ್. ಒಳಗೆ ಹಲ್ಲಿನ ಚಕ್ರ ಇಟ್ಟಂತಿದ್ದು ಗಿರಗಿರನೆ ಸುತ್ತುವ ದುಂಡು ಜೀವಿ ಟ್ರೈಕೊಡಿನಾ. ಎಳೆಗೊಂದು ಹುಳ ಕಂಡರೆ ಗಾಬರಿ ಬೇಡ. ಒಂದೊಂದು ಎಳೆಗೂ ಐದಾರು ಇದ್ದರೆ ತಡಮಾಡಬೇಡಿ.

ನೀವು ಹೇಳಿದ ಲಕ್ಷಣಕ್ಕೆ ಡ್ಯಾಕ್ಟಿಲೋಗೈರಸ್ ಹೆಚ್ಚು ಹೊಂದುತ್ತದೆ. ಇದು ಹೊಸದಾಗಿ ಬಂದದ್ದಲ್ಲ. ಮಳೆಗಾಲದಲ್ಲಿ ಬಿಟ್ಟ ಬಿತ್ತನೆ ಮರಿಗಳ ಕಿವಿರಿನಲ್ಲೇ ನಾಲ್ಕಾರು ಹುಳ ಬಂದಿದ್ದಿರಬೇಕು. ಹುಳ ಮೊಟ್ಟೆ ಇಡುತ್ತದೆ, ಮೊಟ್ಟೆ ತಳಕ್ಕಿಳಿಯುತ್ತದೆ, ಒಡೆದು ಬಂದ ಮರಿಹುಳ ಈಜಿಕೊಂಡು ಮೀನನ್ನು ಹುಡುಕಬೇಕು. 10 ಅಡಿ ನೀರಿನಲ್ಲಿ ಹೆಚ್ಚಿನವು ಮೀನು ಸಿಗದೇ ಸಾಯುತ್ತವೆ. ನೀರು 4 ಅಡಿಗಿಳಿದಾಗ ಅಷ್ಟೇ ಮೀನು ಎರಡೂವರೆ ಪಟ್ಟು ದಟ್ಟವಾಯಿತು, ನೀರೂ ಬಿಸಿಯಾಯಿತು. 25 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆ 3ರಿಂದ 5 ದಿನಕ್ಕೆ ಒಡೆಯುತ್ತದೆ, ಒಡೆದ ಮರಿಗೆ ಪಕ್ಕದಲ್ಲೇ ಮೀನು. ಹುಳ ಆರು ತಿಂಗಳಿಂದ ಕೆರೆಯಲ್ಲಿತ್ತು, ಪಂಪ್ ಅದಕ್ಕೆ ಅನುಕೂಲ ಮಾಡಿಕೊಟ್ಟಿತು.

ಈಗ ಮಾಡಬೇಕಾದ್ದು. ಮಾರಾಟದ ಗಾತ್ರಕ್ಕೆ ಬಂದ ಮೀನನ್ನು ಔಷಧಿ ಮುಟ್ಟಿಸುವ ಮೊದಲೇ ಹಿಡಿದು ಮಾರಿ. ಇದೇ ದೊಡ್ಡ ಚಿಕಿತ್ಸೆ. ಮೀನಿನ ಸಾಂದ್ರತೆ ಅರ್ಧಕ್ಕೆ ಇಳಿದರೆ ಉಳಿದ ಮೀನು ಎಷ್ಟೋ ತಾನಾಗಿಯೇ ಸುಧಾರಿಸುತ್ತದೆ. ಬ್ಯಾಕಿಂಗ್ ನೀರಾವರಿಗೆ (ಹೂವಾದ ಮೇಲೆ ಕಾಫಿಗೆ ಕೊಡುವ ಎರಡನೇ ನೀರಿಗೆ) ಮತ್ತೆ ಪಂಪ್ ಹಚ್ಚುವ ಮುನ್ನ ಕೆರೆಯಲ್ಲಿ 5 ಅಡಿಗೆ ಒಂದು ಗೂಟ ನೆಟ್ಟು ಗುರುತು ಮಾಡಿ, ಅದಕ್ಕಿಂತ ಕೆಳಗೆ ಎತ್ತಬೇಡಿ.

ಇಡೀ ಕೆರೆಗೆ ಫಾರ್ಮಲಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಲೆಕ್ಕ ನೋಡಿ. ಒಂದು ಎಕರೆ ಅಂದರೆ 4047 ಚದರ ಮೀಟರ್, ಆಳ 1.2 ಮೀಟರ್, ನೀರು ಸುಮಾರು 4850 ಘನ ಮೀಟರ್. ಘನ ಮೀಟರಿಗೆ 20 ಮಿಲಿ ಹಾಕಿದರೂ 97 ಲೀಟರ್ ಬೇಕು. ಸಾಲದ್ದಕ್ಕೆ ಪ್ರತಿ 5 ಪಿಪಿಎಂ (ಹತ್ತು ಲಕ್ಷ ಪಾಲಿಗೆ 5 ಪಾಲು) ಫಾರ್ಮಲಿನ್ ನೀರಿನಿಂದ ಸುಮಾರು 1 ಪಿಪಿಎಂ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಮೊದಲೇ ಉಸಿರಾಡಲಾರದ ಮೀನು ರಾತ್ರಿ ಕಳೆಯುವುದಿಲ್ಲ. ಉಳಿಸಿಕೊಳ್ಳುವ ಮೀನನ್ನು ಸ್ವಲ್ಪಸ್ವಲ್ಪವಾಗಿ ಹಿಡಿದು ಟ್ಯಾಂಕಿನಲ್ಲಿ ಸ್ನಾನ ಮಾಡಿಸಿ. 500 ಲೀಟರ್ ನೀರಿಗೆ 75 ಮಿಲಿ ಫಾರ್ಮಲಿನ್, ಏರೇಟರ್ ನಿಲ್ಲಿಸದೆ ಅರ್ಧ ಗಂಟೆಯಿಂದ ಒಂದು ಗಂಟೆ. ತಂಪು ಹೊತ್ತಿನಲ್ಲಿ ಮಾಡಿ, ಮೀನು ಪಕ್ಕಕ್ಕೆ ವಾಲಿದರೆ ತಕ್ಷಣ ಹೊರಗೆ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಟ್ಟಿದ ಫಾರ್ಮಲಿನ್ ಬೇಡವೇ ಬೇಡ, ಅದು ಮೀನಿಗೆ ಇನ್ನೂ ಹೆಚ್ಚಿನ ವಿಷ. ನಿಮ್ಮ ಮೂಗು, ಕಣ್ಣು, ಕೈಯನ್ನೂ ಕಾಪಾಡಿಕೊಳ್ಳಿ.

ಮೊಟ್ಟೆಗೆ ಯಾವ ಔಷಧಿಯೂ ಸರಿಯಾಗಿ ತಾಗದು. ಆದ್ದರಿಂದ 6-7 ದಿನ ಬಿಟ್ಟು ಎರಡನೇ ಸ್ನಾನ ಕಡ್ಡಾಯ. ಮೊದಲನೆಯದರಿಂದ ಗುಣ ಕಂಡಿತೆಂದು ಎರಡನೆಯದನ್ನು ಬಿಟ್ಟವರಿಗೇ ಮರುಕಳಿಸುವುದು ಹೆಚ್ಚು.

ಪ್ರಶ್ನೆ: ನನ್ನ ಮಗ ಟ್ಯಾಸ್ಮೇನಿಯಾದಲ್ಲಿ ಸಾಲ್ಮನ್ ಸಾಕಣೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಕಿವಿರು ರೋಗ ಬಂದರೆ ಮೀನನ್ನು ಸಿಹಿನೀರಿನಲ್ಲಿ ಮುಳುಗಿಸುತ್ತಾರಂತೆ. ನಾವು ಇಲ್ಲಿ ಉಪ್ಪುನೀರಿನಲ್ಲಿ ಮುಳುಗಿಸುತ್ತೇವೆ. ಯಾವುದು ಸರಿ? ಆ ರೋಗದ ಮೂಲ ಎಲ್ಲಿ? ಅದು ನಮ್ಮ ಕೆರೆಗಳಿಗೂ ಬಂದೀತೇ?
ಓದುಗರು, ಪೊನ್ನಂಪೇಟೆ

ಉತ್ತರ: ಎರಡೂ ಸರಿ. ಅಲ್ಲಿನ ಪರಾವಲಂಬಿ ಸಮುದ್ರದ್ದು, ಸಿಹಿನೀರು ಒಳನುಗ್ಗಿದರೆ ಉಬ್ಬಿ ಸಾಯುತ್ತದೆ. ಇಲ್ಲಿನದು ಸಿಹಿನೀರಿನದು, ಉಪ್ಪು ಅದರ ಮೈಯ ನೀರನ್ನು ಎಳೆದು ಕೊಲ್ಲುತ್ತದೆ. ಮೀನು ಎರಡನ್ನೂ ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲದು. ಆ ಸ್ವಲ್ಪ ಹೊತ್ತಿನಲ್ಲೇ ಚಿಕಿತ್ಸೆ ಮುಗಿಯಬೇಕು.

ನಿಮ್ಮ ಮಗ ಹೇಳುವುದು ಅಮೀಬಾ ಕಿವಿರು ರೋಗದ ವಿಷಯ. ಸಾಕಿದ ಸಾಲ್ಮನ್‌ಗಳಲ್ಲಿ ಇದು ಟ್ಯಾಸ್ಮೇನಿಯಾ ಮತ್ತು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1980ರ ದಶಕದ ನಡುವೆ ಕಂಡುಬಂತು. ಕಾರಣವಾದ ಅಮೀಬಾಕ್ಕೆ ನಿಯೋಪ್ಯಾರಮೀಬಾ ಪೆರುರಾನ್ಸ್ ಎಂದು ಹೆಸರಿಟ್ಟದ್ದು 2007ರಲ್ಲಿ. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಆರೋಗ್ಯವಂತ ಮೀನಿಗೆ ತಗುಲಿಸಿ, ರೋಗಕ್ಕೆ ಇದೇ ಕಾರಣವೆಂದು ತೋರಿಸಿಕೊಟ್ಟದ್ದು 2012ರಲ್ಲಿ. ಅದೇ ಹೊತ್ತಿಗೆ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ರೋಗ ದೊಡ್ಡದಾಗಿ ಎದ್ದಿತ್ತು.

ಮೂಲದ ವಿಷಯಕ್ಕೆ ಬಂದರೆ, ಸಾಲ್ಮನ್ ಮರಿಗಳು ಸಿಹಿನೀರಿನ ಹ್ಯಾಚರಿಯಲ್ಲಿ ಹುಟ್ಟಿ ಬೆಳೆಯುತ್ತವೆ. ಸಮುದ್ರದ ಪಂಜರಕ್ಕೆ ಇಳಿಸುವಾಗ ಅವುಗಳಲ್ಲಿ ಈ ಅಮೀಬಾ ಇರುವುದಿಲ್ಲ. ಅಮೀಬಾ ಇರುವುದು ಕಡಲಿನಲ್ಲೇ, ಬದುಕಲು ಅದಕ್ಕೆ ಮೀನೇ ಬೇಕೆಂದಿಲ್ಲ. ನೀರು 12 ಡಿಗ್ರಿ ದಾಟಿ, ಉಪ್ಪಿನ ಅಂಶ ಪೂರ್ಣ ಸಮುದ್ರದಷ್ಟಿದ್ದಾಗ ಕಿವಿರಿಗೆ ಹತ್ತುತ್ತದೆ. ಮಳೆಯಾಗಿ ನದಿ ನೀರು ಹೆಚ್ಚು ಸೇರುವ ಕೊಲ್ಲಿಗಳಲ್ಲಿ ಕಾಟ ಕಡಿಮೆ. ಒಂದು ಪಂಜರಕ್ಕೆ ಹತ್ತಿದ ಮೇಲೆ ಮೀನಿನಿಂದ ಉದುರಿದ ಅಮೀಬಾ ಪ್ರವಾಹದ ಜೊತೆ ಪಕ್ಕದ ಪಂಜರಕ್ಕೆ ಹೋಗುತ್ತದೆ. ಸತ್ತ ಮೀನಿನ ಕಿವಿರಿನಲ್ಲೂ ಅದು ಒಂದು ದಿನಕ್ಕಿಂತ ಹೆಚ್ಚು ಉಳಿಯಬಲ್ಲದು. ಸತ್ತದ್ದನ್ನು ದಿನಾಲೂ ಎತ್ತಬೇಕು ಎನ್ನುವುದು ಇದಕ್ಕೇ. ಸಾಲ್ಮನ್ ಮೈ ಮೇಲಿನ ಹೇನು ತಿನ್ನಲಿ ಎಂದು ಯುರೋಪಿನಲ್ಲಿ ಪಂಜರಕ್ಕೆ ರಾಸ್, ಲಂಪ್‌ಫಿಶ್ ಎಂಬ ಮೀನುಗಳನ್ನು ಬಿಡುತ್ತಾರೆ. ಅವಕ್ಕೂ ಇದೇ ಅಮೀಬಾ ಹತ್ತುತ್ತದೆ. ಹೇನು ತೆಗೆಯಲು ತಂದ ಮೀನು ಕಿವಿರಿನ ರೋಗಕ್ಕೆ ಇನ್ನೊಂದು ನೆಲೆಯಾಗಬಹುದು.

ಅಲ್ಲಿನ ಕೆಲಸಗಾರರು ಮೀನನ್ನು ಹಿಡಿದು ಕಿವಿರಿನ ಮೇಲಿನ ಬಿಳಿ ಲೋಳೆ ಮಚ್ಚೆಗಳನ್ನು ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಅಂಕ ಮೇಲೇರುವ ಮೊದಲೇ ಸ್ನಾನ. ಟಾರ್ಪಾಲಿನ್ ಒಳಪದರ ಕಟ್ಟಿದ ಪಂಜರದಲ್ಲೋ ನೀರು ತುಂಬಿದ ಹಡಗಿನಲ್ಲೋ 2ರಿಂದ 4 ಗಂಟೆ ಸಿಹಿನೀರಿನಲ್ಲಿ ಇಡುತ್ತಾರೆ. ಗಡಸು ನೀರಿಗಿಂತ ಮೆದು ನೀರು ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಅಮೀಬಾ ಸಾಯುವುದಿಲ್ಲ, ಕಡಲಲ್ಲಂತೂ ಇದ್ದೇ ಇದೆ. ಆದ್ದರಿಂದ ಒಂದೇ ಬೆಳೆಗೆ ಈ ಸ್ನಾನ ಹಲವು ಸಲ. ತಣ್ಣನೆ ಕಡಲಿರುವ ಕಡೆ ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದೂ ಉಂಟು. ನೀರು ಬೆಚ್ಚಗಾದರೆ ಅದು ಕಿವಿರನ್ನೇ ಸುಡುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಉದಾಹರಣೆ ನಾರ್ವೆಯದು. ಗೈರೊಡ್ಯಾಕ್ಟೈಲಸ್ ಸಲಾರಿಸ್ ಎಂಬ ಅರ್ಧ ಮಿಲಿಮೀಟರಿನ ಹುಳ 1970ರ ದಶಕದಲ್ಲಿ ಬಾಲ್ಟಿಕ್ ಕಡೆಯ ಸಾಲ್ಮನ್ ಮರಿಗಳ ಜೊತೆ ಅಲ್ಲಿಗೆ ಹೋಯಿತು. ಬಾಲ್ಟಿಕ್ ಸಾಲ್ಮನ್ ಅದನ್ನು ತಾಳಿಕೊಳ್ಳುತ್ತದೆ, ನಾರ್ವೆಯ ನದಿಗಳ ಸಾಲ್ಮನ್ ತಾಳಲಿಲ್ಲ. ಹುಳವಿದ್ದ ಹ್ಯಾಚರಿಯ ಮರಿಗಳನ್ನು ನದಿನದಿಗೆ ಬಿಟ್ಟು ಸುಮಾರು 50 ನದಿಗಳಿಗೆ ಅದು ಹರಡಿತು. ಕೊನೆಗೆ ನದಿಗೇ ರೊಟೆನೋನ್ ವಿಷ ಹಾಕಿ, ಇದ್ದ ಮೀನನ್ನೆಲ್ಲ ಕೊಂದು ಹೊಸದಾಗಿ ತುಂಬಬೇಕಾಯಿತು. ಈ ಹುಳ ಕಿವಿರಿಗಿಂತ ಚರ್ಮ, ರೆಕ್ಕೆಗಳಲ್ಲೇ ಹೆಚ್ಚು. ಮೊಟ್ಟೆಯಿಡದೆ ಮರಿಯನ್ನೇ ಹಾಕುವುದರಿಂದ ಒಂದೇ ಒಂದು ಹುಳ ಬಂದರೂ ಸಾಕು.

ಅಮೀಬಾ ಕಡಲಿನಿಂದ ಬರುತ್ತದೆ, ಗೈರೊಡ್ಯಾಕ್ಟೈಲಸ್ ಮರಿಯ ಜೊತೆ ಬರುತ್ತದೆ. ಮೊದಲನೆಯದಕ್ಕೆ ಮರಿ ತಪಾಸಣೆ ಮಾಡಿ ಲಾಭವಿಲ್ಲ, ಎರಡನೆಯದಕ್ಕೆ ಅದೇ ಸರ್ವಸ್ವ. ಕೊಡಗಿನ ಕೆರೆಗೆ ಸಾಲ್ಮನ್ ಅಮೀಬಾ ಬರುವ ಭಯ ಬೇಡ, ನಮ್ಮ ಮೆದು ಸಿಹಿನೀರೇ ಅದಕ್ಕೆ ಮದ್ದು. ನಮ್ಮ ಕೆರೆಯ ಕಿವಿರು ಹುಳಗಳು ಮಾತ್ರ ಎರಡನೇ ಗುಂಪಿನವು.

ಪ್ರಶ್ನೆ: ಹಾಗಿದ್ದರೆ ಬಿತ್ತನೆ ಮರಿ ತಂದ ದಿನ ಏನು ಮಾಡಬೇಕು? ನಾವು ಚೀಲ ಬಿಚ್ಚಿ ನೇರ ಕೆರೆಗೆ ಸುರಿಯುತ್ತೇವೆ.
ಮೀನು ಕೃಷಿಕರು, ಶನಿವಾರಸಂತೆ

ಉತ್ತರ: ಸುರಿಯುವುದನ್ನು ನಿಲ್ಲಿಸಿ. ಚೀಲದ ನೀರು ಹ್ಯಾಚರಿಯ ನೀರು, ಅದರಲ್ಲಿ ಏನೆಲ್ಲ ಈಜುತ್ತಿದೆಯೋ ಅದೂ ನಿಮ್ಮ ಕೆರೆಗೆ ಬಿತ್ತನೆಯಾಗುತ್ತದೆ.

ಕಟ್ಟಿದ ಚೀಲವನ್ನು 15-20 ನಿಮಿಷ ಕೆರೆಯಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿ. ಬಕೆಟ್ಟಿನಲ್ಲಿ 10 ಲೀಟರ್ ಕೆರೆ ನೀರಿಗೆ 200 ಗ್ರಾಂ ಕಲ್ಲುಪ್ಪು ಕರಗಿಸಿ. ಹರಳು ಪೂರ್ತಿ ಕರಗಿರಬೇಕು. ಮರಿಗಳನ್ನು ಸಣ್ಣ ಕೈಬಲೆಯಲ್ಲಿ ಎತ್ತಿ 1ರಿಂದ 2 ನಿಮಿಷ ಮುಳುಗಿಸಿ, ಒಂದೆರಡು ಮರಿ ಮಗುಚಿದ ಕೂಡಲೇ ಎತ್ತಿ ಕೆರೆಗೆ ಬಿಡಿ. ನಾಲ್ಕೈದು ಸುತ್ತು ಆದ ಮೇಲೆ ಬಕೆಟ್ಟಿನ ನೀರು ಬದಲಿಸಿ. ಉಪ್ಪಿನ ಬದಲು ಪೊಟ್ಯಾಸಿಯಂ ಪರ್ಮಾಂಗನೇಟ್ ಇಷ್ಟಪಡುವವರು 1 ಗ್ರಾಂ ಪುಡಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡು, ಅದರಲ್ಲಿ 50 ಮಿಲಿಯನ್ನು 10 ಲೀಟರಿಗೆ ಬೆರೆಸಿದರೆ 5 ಪಿಪಿಎಂ ಆಗುತ್ತದೆ. ಅದರಲ್ಲಿ 5 ನಿಮಿಷ. ಚಿಟಿಕೆ ಲೆಕ್ಕ ಬೇಡ, ಕಿವಿರು ಸುಡುತ್ತದೆ. ಚೀಲದ ನೀರನ್ನು ಕೆರೆಗಾಗಲಿ ತೋಡಿಗಾಗಲಿ ಚೆಲ್ಲದೆ ಕಾಫಿ ಗಿಡದ ಬುಡಕ್ಕೆ ಹಾಕಿ.

ಸಾಧ್ಯವಿದ್ದವರು ಸಣ್ಣ ಗುಂಡಿಯಲ್ಲಿ ಎರಡು ವಾರ ಬೇರೆ ಇಟ್ಟು, ನಾಲ್ಕೈದು ಮರಿಗಳ ಕಿವಿರು ನೋಡಿ, ಆಮೇಲೆ ದೊಡ್ಡ ಕೆರೆಗೆ ಬಿಡಿ. ಒಂದು ಎಕರೆಗೆ 2000 ಬೆರಳುದ್ದದ ಮರಿ ಸಾಕು. ಸಾಯುವ ಲೆಕ್ಕ ಹಿಡಿದು 5000 ಬಿಡುವುದೇ ಹುಳಕ್ಕೆ ಅನುಕೂಲ.

ಪ್ರಶ್ನೆ: ಕಾಟ್ಲಾ ಕಿವಿರಿನಲ್ಲಿ ಅಕ್ಕಿನುಚ್ಚಿನಂಥ ಬಿಳಿ ಗಂಟುಗಳಿವೆ. ಉಪ್ಪು, ಪರ್ಮಾಂಗನೇಟ್ ಎರಡೂ ಆಯಿತು, ಹೋಗಲಿಲ್ಲ. ಮೀನು ತಿನ್ನಬಹುದೇ?
ಗೃಹಿಣಿ, ನಾಪೋಕ್ಲು

ಉತ್ತರ: ಕಿವಿರು, ಕರುಳು ತೆಗೆದು ಬೇಯಿಸಿ ತಿನ್ನಬಹುದು, ಮನುಷ್ಯರಿಗೆ ತೊಂದರೆಯಿಲ್ಲ. ಆದರೆ ತೆಗೆದ ಕಿವಿರನ್ನು ಕೆರೆಯ ಏರಿಯ ಮೇಲೆ ಎಸೆಯಬೇಡಿ, ಸುಣ್ಣ ಹಾಕಿ ದೂರದಲ್ಲಿ ಹೂಳಿ.

ಇದು ಮಿಕ್ಸೊಬೋಲಸ್ ಎಂಬ ಸೂಕ್ಷ್ಮ ಪರಾವಲಂಬಿಯ ಜಾತಿಯದು. ಗಂಟಿನೊಳಗೆ ಸಾವಿರಾರು ಬೀಜಕಣಗಳು ಗಟ್ಟಿ ಚಿಪ್ಪಿನಲ್ಲಿ ಕೂತಿರುವುದರಿಂದ ಮದ್ದು ತಾಗುವುದಿಲ್ಲ. ಈ ಗುಂಪಿನ ರೋಗ ಸಾಮಾನ್ಯವಾಗಿ ಮೀನಿನಿಂದ ಮೀನಿಗೆ ನೇರವಾಗಿ ಅಂಟುವುದಿಲ್ಲ. ಬೀಜಕಣ ಕೆಸರಿಗಿಳಿದು, ಅಲ್ಲಿನ ಟ್ಯುಬಿಫೆಕ್ಸ್‌ನಂಥ ಕೆಂಪು ಎಳೆಹುಳದ ಹೊಟ್ಟೆ ಸೇರಿ, ರೂಪ ಬದಲಿಸಿಕೊಂಡು ಹೊರಬಂದ ಮೇಲೆಯೇ ಮೀನಿಗೆ ಹತ್ತುವುದು. ಟ್ರೌಟ್ ಮೀನಿನ ಇಂಥದೇ ರೋಗದಲ್ಲಿ ಈ ಗುಟ್ಟು ಬಯಲಾದದ್ದು 1984ರಲ್ಲಿ. ಹಾಗಾಗಿ ನಿಮ್ಮ ಶತ್ರು ತಳದ ಕೆಸರು.

ಹಸಿ ಸಗಣಿಯನ್ನು ಒಂದೇ ಮೂಲೆಗೆ ರಾಶಿ ಹಾಕುವುದನ್ನು ಬಿಡಿ, ಎಳೆಹುಳಕ್ಕೆ ಅದೇ ತವರು. ಮೀನು ಹಿಡಿದು ಮುಗಿದ ಮೇಲೆ ಕೆರೆ ಬತ್ತಿಸಿ, ಮೇಲಿನ ಕಪ್ಪು ಕೆಸರು ಎತ್ತಿ, ನೆಲ ಬಿರುಕು ಬಿಡುವ ತನಕ ಒಣಗಿಸುವುದು ಒಳ್ಳೆಯ ದಾರಿ. ಒರತೆ ಇರುವ ಕೆರೆ ಒಣಗುವುದಿಲ್ಲ ಎನ್ನುವುದು ಗೊತ್ತು. ಅಲ್ಲಿ ಮೀನಿಲ್ಲದಾಗ ಒದ್ದೆ ಕೆಸರಿಗೇ ಸುಣ್ಣ ಎರಚಿ. ಮಣ್ಣಿನ ಪಿಎಚ್ 5ರಿಂದ 6.5 ಇದ್ದರೆ ಎಕರೆಗೆ 400 ಕೆ.ಜಿ., 5ಕ್ಕಿಂತ ಕೆಳಗಿದ್ದರೆ 800 ಕೆ.ಜಿ. ಸುಟ್ಟಸುಣ್ಣವಾದರೆ ನೀರು ತುಂಬಿ ಎರಡು ವಾರ ಕಳೆದು, ಪಿಎಚ್ 8.5ಕ್ಕಿಂತ ಕೆಳಗಿಳಿದ ಮೇಲೆ ಮರಿ ಬಿಡಿ. ಮುಂದಿನ ಸಲ ಕಾಟ್ಲಾ ಕಡಿಮೆ ಮಾಡಿ ರೋಹು, ಹುಲ್ಲುಗೆಂಡೆ ಹೆಚ್ಚಿಸಿ ನೋಡಿ.

ಪ್ರಶ್ನೆ: ಮೆಣಸಿಗೆ ಬೋರ್ಡೋ ದ್ರಾವಣ ಹೊಡೆದು ಉಳಿದ ಮೈಲುತುತ್ತ (ತಾಮ್ರದ ಸಲ್ಫೇಟ್) ಇದೆ. ಕಿವಿರಿನ ಹುಳಕ್ಕೆ ಕೆರೆಗೆ ಹಾಕಬಹುದೇ?
ಬೆಳೆಗಾರರು, ಸಿದ್ದಾಪುರ

ಉತ್ತರ: ಬೇಡ. ನೀರಿನ ಕ್ಷಾರತೆಯನ್ನು (ಪಿಪಿಎಂ ಲೆಕ್ಕದಲ್ಲಿ) 100ರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಮೈಲುತುತ್ತದ ಪಿಪಿಎಂ ಮಿತಿ. ಕ್ಷಾರತೆ 100 ಇದ್ದರೆ 1 ಪಿಪಿಎಂ. 50ಕ್ಕಿಂತ ಕಡಿಮೆಯಿದ್ದರೆ ಮುಟ್ಟಲೇಬಾರದು. ಮಳೆ ನೀರು, ಒರತೆ ನೀರು ತುಂಬಿದ ನಮ್ಮ ಕಡೆಯ ಕೆರೆಗಳು ಸಾಮಾನ್ಯವಾಗಿ ಆ ಮಿತಿಗಿಂತ ಕೆಳಗೇ. ಮೆದು ನೀರಿನಲ್ಲಿ ತಾಮ್ರ ಹುಳಕ್ಕಿಂತ ಮೊದಲು ಮೀನನ್ನು ಕೊಲ್ಲುತ್ತದೆ. ತಾಮ್ರ ತಾಗಿದ ಕಿವಿರೂ ಲೋಳೆ ಸುರಿಸಿ ಹುಳ ಹತ್ತಿದಂತೆಯೇ ಕಾಣುವುದರಿಂದ, ವಿಷಕ್ಕೇ ಮತ್ತೆ ಔಷಧಿ ಹಾಕುವ ಅಪಾಯವಿದೆ. ಬೋರ್ಡೋ ಡ್ರಮ್, ಸ್ಪ್ರೇಯರ್ ತೊಳೆದ ನೀರು ಕೆರೆಗೆ ಇಳಿಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಹೋಂಸ್ಟೇಯಲ್ಲಿ ಕೋಯಿ ಎಂಬ ಅಲಂಕಾರದ ಮೀನಿನ 3000 ಲೀಟರಿನ ಕೊಳವಿದೆ. ಡಿಸೆಂಬರ್ ಚಳಿಯಲ್ಲಿ ಮೈಮೇಲೆ, ಕಿವಿರಿನ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕಿ. ಮೂರು ದಿನ ಔಷಧಿ ಹಾಕಿದರೂ ಮರಳಿ ಬಂತು.
ಮಡಿಕೇರಿ

ಉತ್ತರ: ಬಿಳಿಚುಕ್ಕೆ ರೋಗ, ಇಕ್ತಿಯೋಫ್ತಿರಿಯಸ್. ಚುಕ್ಕಿಯೊಳಗಿರುವಾಗ ಅದಕ್ಕೆ ಔಷಧಿ ತಾಗದು. ಬಲಿತು ಉದುರಿ, ತಳದಲ್ಲಿ ಕೋಶ ಕಟ್ಟಿ, ನೂರಾರು ಮರಿಗಳಾಗಿ ಒಡೆದು ಈಜುವಾಗ ಮಾತ್ರ ಸಾಯುತ್ತದೆ. 25 ಡಿಗ್ರಿಯಲ್ಲಿ ಈ ಸುತ್ತು ವಾರದೊಳಗೆ ಮುಗಿಯುತ್ತದೆ. ಮಡಿಕೇರಿಯ ಚಳಿಯಲ್ಲಿ ಎರಡು ವಾರವೂ ಎಳೆಯುತ್ತದೆ. ನಿಮ್ಮ ಮೂರು ದಿನದ ಔಷಧಿ ಅದು ಹೊರಬರುವ ಮೊದಲೇ ಮುಗಿದಿದೆ. 9 ಕೆ.ಜಿ. ಕಲ್ಲುಪ್ಪನ್ನು ಮೂರು ಪಾಲು ಮಾಡಿ ಎರಡು ದಿನದಲ್ಲಿ ಹಾಕಿ, ಮೂರರಿಂದ ನಾಲ್ಕು ವಾರ ಹಾಗೇ ಇರಲಿ. ನೀರು ಬದಲಿಸಿದಷ್ಟಕ್ಕೆ 1000 ಲೀಟರಿಗೆ 3 ಕೆ.ಜಿ. ಲೆಕ್ಕದಲ್ಲಿ ಉಪ್ಪು ಸೇರಿಸಿ. ತಾವರೆ ಇದ್ದರೆ ಮೊದಲೇ ತೆಗೆದಿಡಿ. ಕೊಳದ ತುಂಬಿದ ನೀರು ಕೆಳಗಿನ ತೋಡಿಗೆ ಹರಿಯದಿರಲಿ, ಅಲಂಕಾರದ ಮೀನಿನ ಜೊತೆ ಲಂಗರು ಹುಳ, ಮೀನು ಹೇನುಗಳೂ ಊರಿಂದೂರಿಗೆ ಹೋಗುತ್ತವೆ.

ಪ್ರಶ್ನೆ: ನೀರುಕಾಗೆ, ಬೆಳ್ಳಕ್ಕಿಗಳು ರೋಗ ತರುತ್ತವೆಂದು ಓಡಿಸುತ್ತಿದ್ದೇವೆ. ಗುಂಡು ಹೊಡೆಯಬಹುದೇ?
ಅಮ್ಮತ್ತಿ

ಉತ್ತರ: ಕೂಡದು, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಹಕ್ಕಿಯ ಕಾಲಿಗಿಂತ ಬಾಡಿಗೆ ಬಲೆ ಹೆಚ್ಚು ಹುಳ ತರುತ್ತದೆ. ಊರೆಲ್ಲ ಸುತ್ತಿ ಬಂದ ಎಳೆಬಲೆಯನ್ನು ಕೆರೆಗಿಳಿಸುವ ಮೊದಲು ಎರಡು ದಿನ ಸುಡುಬಿಸಿಲಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬಿಸಿಲೆಲ್ಲಿ ಎನ್ನುವವರು 150 ಲೀಟರ್ ನೀರಿನ ಡ್ರಮ್ಮಿಗೆ ಕ್ಲೋರಿನ್ ಶೇ 30 ಇರುವ ಬ್ಲೀಚಿಂಗ್ ಪುಡಿ 100 ಗ್ರಾಂ ಕಲಸಿ, ಒಂದು ಗಂಟೆ ನೆನೆಸಿ, ವಾಸನೆ ಹೋಗುವವರೆಗೆ ತೊಳೆಯಿರಿ. ಮೀನು ಹೇನು ಕಂಡಿದ್ದರೆ ಕೆರೆಯಲ್ಲಿ ಅಲ್ಲಲ್ಲಿ ಬಿದಿರು ನೆಡಿ. ಹೇನು ಅದರ ಮೇಲೆ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಹಾಕಿ ಮತ್ತೆ ನೆಡಿ. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಹೊಸ ನೀರಿಗೆ ಹತ್ತಿ ಬರುವ ಹಳ್ಳದ ಮೀನೂ ಹುಳ ಹೊತ್ತು ಬರುತ್ತದೆ.

ಪ್ರಶ್ನೆ: ಸತ್ತ ಮೀನನ್ನು ಫ್ರಿಜ್ಜಿನಲ್ಲಿಟ್ಟಿದ್ದೇನೆ. ಪರೀಕ್ಷೆಗೆ ತಂದರೆ ಆಗುತ್ತದೆಯೇ?
ಕುಶಾಲನಗರ

ಉತ್ತರ: ಆಗುವುದಿಲ್ಲ. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಕಿವಿರಿನ ಹುಳ ಬಿಟ್ಟುಹೋಗುತ್ತದೆ, ಕಿವಿರೂ ಕೊಳೆಯುತ್ತದೆ. ಒದ್ದಾಡುತ್ತಿರುವ ಮೂರು ನಾಲ್ಕು ಜೀವಂತ ಮೀನನ್ನು ಬೆಳಿಗ್ಗೆ ತಂಪಿನಲ್ಲಿ ಹಿಡಿದು, ಚೀಲದಲ್ಲಿ ಮೂರರಲ್ಲೊಂದು ಪಾಲು ಕೆರೆ ನೀರು, ಉಳಿದದ್ದು ಆಮ್ಲಜನಕ ತುಂಬಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಒಯ್ಯಿರಿ. ಅಲ್ಲಿ ಆಗದಿದ್ದರೆ ಮಂಗಳೂರಿನ ಮೀನುಗಾರಿಕೆ ಕಾಲೇಜನ್ನು ಮೊದಲು ಫೋನ್‌ನಲ್ಲಿ ವಿಚಾರಿಸಿ ಹೋಗಿ. ಜೀವಂತ ಸಾಗಿಸಲಾಗದಿದ್ದರೆ ಆಗಷ್ಟೇ ಕೊಂದ ಮೀನಿನ ಕಿವಿರಿನ ಒಂದು ಬಿಲ್ಲು ಕತ್ತರಿಸಿ, ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ಸೀಸೆಯಲ್ಲಿ ಮುಳುಗಿಸಿ. ಕೆರೆ ನೀರನ್ನು ಬೇರೆ ಬಾಟಲಿಯಲ್ಲಿ ಗಾಳಿ ಉಳಿಯದಂತೆ ತುಂಬಿ. ಕೆರೆಯ ಅಳತೆ, ಈಗಿನ ಆಳ, ಬಿಟ್ಟ ಮರಿಯ ಸಂಖ್ಯೆ, ತಂದ ದಿನ, ಈವರೆಗೆ ಹಾಕಿದ ಔಷಧಿ, ಇಷ್ಟನ್ನು ಚೀಟಿಯಲ್ಲಿ ಬರೆದು ಸೀಸೆಗೆ ಅಂಟಿಸಿ.